ಆಟಿಯಲ್ಲಿ ಮಾತ್ರ ಆಡುವವರು

ವಾರಿಜಾಳ ಬೆರಳುಗಳಿಗೆ ಕಣ್ಣಿನ ಸಹಾಯ ಬೇಕಿರಲಿಲ್ಲ. ಮಣಿಪಾಲದ ಟೈಗರ್ ಸರ್ಕಲಿನ ಹತ್ತಿರ, ಒಂದು ಕಟ್ಟಡದ ಮೊದಲ ಮಹಡಿಯಲ್ಲಿ ಅವಳು ಹಲವು ವರ್ಷ ಟೈಪಿಂಗ್ ಕಲಿಸಿದ್ದಳು. ಲೋವರ್, ಹೈಯರ್, ಕನ್ನಡ, ಇಂಗ್ಲಿಷ್ ಎಲ್ಲವೂ ಅವಳದೇ. ತೊಂಬತ್ತರ ದಶಕದ ಕೊನೆಗೆ ಕಲಿಯುವವರು ಕಡಿಮೆಯಾದರು. ಬೆಂಚಿನ ಮೇಲೆ ಮೆಷಿನುಗಳು ಹೊದಿಕೆ ಹೊದ್ದು ಕುಳಿತವು. ಎರಡು ಸಾವಿರದ ಒಂದರಲ್ಲಿ ಕಾರ್ಕಳದ ಅಲೆಕ್ಸ್ ಎಂಬವರು ಆ ಕೋಣೆ ಹಿಡಿದು, ಮೆಷಿನುಗಳನ್ನು ಗುಜರಿಗೆ ಹಾಕಿ, ಅದೇ ಬೆಂಚುಗಳ ಮೇಲೆ ಕಂಪ್ಯೂಟರ್ ಇಟ್ಟು ಸೈಬರ್ ಕೆಫೆ ತೆರೆದರು. ವಾರಿಜಾಳನ್ನು ಮಾತ್ರ ಉಳಿಸಿಕೊಂಡರು.

"ಮೆಷಿನು ಹೋಯ್ತು, ಟೀಚರು ಉಳಿದರು" ಎಂದು ಅವರು ಬಂದವರಿಗೆಲ್ಲ ಹೇಳುತ್ತಿದ್ದರು. ಅಲೆಕ್ಸರಿಗೆ ನಿಟ್ಟೆಯ ಕಾಲೇಜಿನ ಬಳಿ ಇನ್ನೊಂದು ಕೆಫೆ ಇತ್ತು. ವಾರದ ಬಹುಪಾಲು ಅವರು ಅಲ್ಲಿರುತ್ತಿದ್ದರು. ಬೆಳಿಗ್ಗೆ ಶಟರ್ ಎತ್ತಿ ವಿದ್ಯಾರ್ಥಿಗಳು ಬರುವ ತನಕ ಆ ಕೋಣೆ ವಾರಿಜಾಳೊಬ್ಬಳದೇ.

ಅವಳ ಮನೆ ಕಾಪುವಿನ ಪಡುವಿನಲ್ಲಿ, ಕಡಲಿಗೆ ಮುಖಮಾಡಿ ನಿಂತ ಮನೆಗಳ ಸಾಲಿನಲ್ಲಿ. ಮದುವೆಯಾಗಿರಲಿಲ್ಲ. ಸಂಬಂಧಗಳು ಬಂದಿದ್ದವು; ಒಂದು ತಪ್ಪಿ, ಇನ್ನೊಂದು ತಡವಾಗಿ, ಆಮೇಲೆ ಯಾರೂ ಆ ಮಾತೆತ್ತಲಿಲ್ಲ. ಬೋಟಿಗೆ ಹೋಗುವ ತಮ್ಮ ಜಿತೇಂದ್ರ, ಅವನ ಹೆಂಡತಿ ಮನೋರಮಾ, ಹೈಸ್ಕೂಲಿಗೆ ಹೋಗುವ ಅವರ ಮಗಳು ದೀಕ್ಷಿತಾ ಎಲ್ಲರೂ ಅದೇ ಮನೆಯಲ್ಲಿದ್ದರು. ಜನ ಇದ್ದರು, ಮಾತಿತ್ತು, ಟಿ.ವಿ. ಇತ್ತು. ಆದರೆ ವಾರಿಜಾಳ ಎದುರಿಗೆಂದೇ ಬಂದು ಕುಳಿತುಕೊಳ್ಳುವವರು ಇರಲಿಲ್ಲ. ಹಾಗೆ ಕುಳಿತುಕೊಳ್ಳುತ್ತಿದ್ದವಳು ಅವಳ ಅಜ್ಜಿ ಒಬ್ಬಳೇ, ಅಮ್ಮನ ಅಮ್ಮ.

ಅಜ್ಜಿಯ ಮನೆ ಹೂಡೆಯಲ್ಲಿ, ಹೊಳೆಗೂ ಕಡಲಿಗೂ ನಡುವಿನ ಇಕ್ಕಟ್ಟಾದ ನೆಲದಲ್ಲಿತ್ತು. ಮಳೆಗಾಲದ ನಡುವಿನ ಆಟಿ ತಿಂಗಳಲ್ಲಿ ಕಡಲು ಬಂದ್, ಗಂಡಸರು ಮನೆಯಲ್ಲಿ, ಹೆಣ್ಣುಮಕ್ಕಳು ತವರಿನಲ್ಲಿ. ಆಗ ಅಟ್ಟದಿಂದ ಚೆನ್ನೆಮಣೆ ಇಳಿಯುತ್ತಿತ್ತು. ಎರಡು ಸಾಲು, ಸಾಲಿಗೆ ಏಳು ಗುಳಿ, ಗುಳಿಗೆ ನಾಲ್ಕು ಕಾಯಿ, ಮಂಜೊಟ್ಟಿ ಮರದ ಕೆಂಪು ಬೀಜಗಳು. ಒಂದು ಗುಳಿಯ ಕಾಯಿ ಎತ್ತಿ ಮುಂದಿನ ಗುಳಿಗಳಿಗೆ ಒಂದೊಂದೇ ಬಿತ್ತುತ್ತಾ ಹೋಗಬೇಕು. ಯಾವುದಾದರೂ ಗುಳಿಯಲ್ಲಿ ನಾಲ್ಕು ಕೂಡಿತೆಂದರೆ ಅದು ಪೆರ್ಗ. ಆ ಗುಳಿ ಯಾರದೋ ಅವರು ಎತ್ತಿಕೊಳ್ಳಬೇಕು. ಅಜ್ಜಿಯದು ಎರಡು ಕಟ್ಟುನಿಟ್ಟಿನ ನಿಯಮ. ಒಡಹುಟ್ಟಿದವರು ಎದುರುಬದುರು ಕುಳಿತು ಆಡಬಾರದು, ಜಗಳ ಹುಟ್ಟುತ್ತದೆ. ಆಟಿ ಮುಗಿದು ಸೋಣ ತಿಂಗಳು ಹುಟ್ಟಿದ ಮೇಲೆ ಮಣೆ ಮುಟ್ಟಬಾರದು, ಮನೆಯ ಕೆಲಸ ಕೆಡುತ್ತದೆ. ಹೀಗಾಗಿ ತಮ್ಮನೊಡನೆ ವಾರಿಜಾ ಎಂದೂ ಆಡಿದವಳಲ್ಲ. ಅಜ್ಜಿ ಹೋದ ಮೇಲೆ ಮಣೆ ಕಾಪುವಿಗೆ ಬಂತು, ಅಟ್ಟ ಸೇರಿತು. ಮನೋರಮಾಳಿಗೆ ಆಟ ಬಾರದು. ದೀಕ್ಷಿತಾಳಿಗೆ ಬೇಡ.

ಎರಡು ಸಾವಿರದ ಐದರ ಆಟಿಯಲ್ಲಿ, ಕೆಫೆಯಲ್ಲಿ ಯಾರೂ ಇಲ್ಲದ ಒಂದು ಬೆಳಿಗ್ಗೆ, ಅವಳು ಗುಳಿ ಆಟದ ಬಗ್ಗೆ ಏನಾದರೂ ಸಿಗುತ್ತದೆಯೇ ಎಂದು ಹುಡುಕಿದಳು. ಒಂದು ತಾಣ ಸಿಕ್ಕಿತು. ದೇಶದೇಶದ ಗುಳಿಮಣೆಗಳನ್ನು ಯಾರೋ ಒಬ್ಬ ವಿದೇಶಿ ಮನುಷ್ಯ ಕಲೆಹಾಕಿ, ಹೆಸರು ನೋಂದಾಯಿಸಿದವರು ಪರಸ್ಪರ ಆಡುವ ಹಾಗೆ ಮಾಡಿಟ್ಟಿದ್ದ. ಒಂದೊಂದು ಮಣೆಗೂ ಒಂದೊಂದು ಕೋಣೆ. ಕೆಲವು ಕೋಣೆಗಳು ತುಂಬಿದ್ದವು. ಏಳು ಗುಳಿ, ನಾಲ್ಕು ಕಾಯಿಯ ಕೋಣೆಯಲ್ಲಿ ಒಂದೇ ಹೆಸರಿತ್ತು, ಹಸಿರು ದೀಪದೊಂದಿಗೆ: uppad.

ಉಪ್ಪಡ್. ಉಪ್ಪುನೀರಿನಲ್ಲಿ ಹಾಕಿಟ್ಟು ಆಟಿಯಲ್ಲಿ ತೆಗೆಯುವ ಹಲಸಿನ ತೊಳೆ. ಇಂಥ ಹೆಸರನ್ನು ಇಡುವವರು ಲೋಕದ ಯಾವ ಭಾಗದವರಾಗಿರಬಹುದೆಂದು ವಾರಿಜಾಳಿಗೆ ಯೋಚಿಸಬೇಕಾಗಲಿಲ್ಲ. ತನ್ನ ಹೆಸರು ನೋಂದಾಯಿಸಿ ಎದುರು ಕುಳಿತಳು. ಮೊದಲನೆಯ ಆಟದಲ್ಲೇ ಆ ಕಡೆಯವರು ನಾಲ್ಕು ಕಾಯಿ ಎತ್ತಿಕೊಂಡು, ಕೆಳಗಿನ ಮಾತಿನ ಪಟ್ಟಿಯಲ್ಲಿ ಒಂದೇ ಶಬ್ದ ಬರೆದರು: perga.

ಆ ಬೆಳಿಗ್ಗೆ ವಾರಿಜಾ ಸೋತಳು. ಮರುದಿನ ಗೆದ್ದಳು. ಒಂದು ದಿನ ಧೈರ್ಯ ಮಾಡಿ ತುಳುವಿನಲ್ಲಿ ಕೇಳಿದಳು, "ಇರ್ನ ಊರು ಓಲು?" ನಿಮ್ಮ ಊರು ಎಲ್ಲಿ ಎಂದು. ಸ್ವಲ್ಪ ಹೊತ್ತಿನ ಬಳಿಕ "ದೂರ" ಎಂದು ಉತ್ತರ ಬಂತು. ಗಂಡಸೋ ಹೆಂಗಸೋ, ಮುದುಕರೋ ಎಳೆಯರೋ, ಅವಳು ಮತ್ತೆ ಕೇಳಲಿಲ್ಲ. ಅವರೂ ಕೇಳಲಿಲ್ಲ. ದಿನಕ್ಕೊಂದು ಆಟ. ಅಷ್ಟು ಸಾಕಾಗಿತ್ತು.

ಆಟಿಯ ಕೊನೆಯ ದಿನ ಆಟ ಅರ್ಧವಾಗಿದ್ದಾಗ ಗಾಳಿಮಳೆಗೆ ಕರೆಂಟು ಹೋಯಿತು. ಸಂಜೆಯ ತನಕ ಬರಲಿಲ್ಲ. ಮುಂದಿನ ನಡೆ ವಾರಿಜಾಳದಾಗಿತ್ತು. ಅವಳ ಮೂರನೆಯ ಗುಳಿಯಲ್ಲಿ ಮೂರು ಕಾಯಿ ಕುಳಿತಿದ್ದವು. ಪಕ್ಕದ ಎರಡನೆಯ ಗುಳಿಯನ್ನು ಎತ್ತಿದರೆ ಮೊದಲ ಕಾಯಿ ಮೂರನೆಯದಕ್ಕೇ ಬಿದ್ದು ನಾಲ್ಕಾಗುತ್ತದೆ, ಪೆರ್ಗ. ಮರುದಿನ ಸೋಣ. ಅವಳು ಆ ಕೋಣೆಗೆ ಹೋಗಲಿಲ್ಲ. ಉಪ್ಪಡ್ ಕೂಡ ಬಂದಿರಲಾರರು ಎಂದು ಅವಳಿಗೆ ಖಚಿತವಿತ್ತು. ಮುಂದಿನ ಆಟಿಗೆ ಅಲ್ಲಿಂದಲೇ ಮುಂದುವರಿಸಿದರಾಯಿತು. ಇಡೀ ವರ್ಷ ಬಸ್ಸಿನಲ್ಲಿ ಕುಳಿತಾಗ, ನಲ್ಲಿಯ ಕೆಳಗೆ ಕೊಡ ತುಂಬುವಾಗ, ಆ ನಡೆ ಅವಳ ನೆನಪಿನಲ್ಲಿ ಬೆಚ್ಚಗೆ ಕುಳಿತಿತ್ತು.

ಎರಡು ಸಾವಿರದ ಆರರ ಆಟಿಯ ಮೊದಲ ದಿನ ಅವಳು ಒಂದು ಬಸ್ಸು ಮುಂಚೆಯೇ ಬಂದಳು. ಶಟರ್ ಎತ್ತಿ, ಕೊನೆಯ ಕಂಪ್ಯೂಟರನ್ನು ಮಾತ್ರ ಹಾಕಿ, ಹೆಸರು ಮತ್ತು ಗುಪ್ತಪದ ಒತ್ತಿದಳು. ಮಣೆಯ ಬದಲು ಒಂದು ಬೀಗದ ಚಿತ್ರ ಬಂತು. ಆರು ತಿಂಗಳು ಬಾರದವರ ಖಾತೆಗಳಿಗೆ ಬೀಗ ಹಾಕಲಾಗಿದೆ, ಇದು ಈ ವರ್ಷದಿಂದ ಜಾರಿಗೆ ಬಂದ ನಿಯಮ ಎಂದು ಕೆಳಗೆ ಬರೆದಿತ್ತು.

ಕಟ್ಟಡದ ಕಸ ಗುಡಿಸುವ ಯಂಕವ್ವ ಅಷ್ಟರಲ್ಲಿ ಪೊರಕೆ ಹಿಡಿದು ಒಳಗೆ ಬಂದಳು. ಕುಷ್ಟಗಿ ಕಡೆಯವಳು. ಗಂಡ ಶರಣಬಸಪ್ಪ ಕಟ್ಟಡದ ಕೆಲಸಕ್ಕೆ ಬಂದಾಗ ಜೊತೆಗೆ ಬಂದು, ಇಲ್ಲೇ ನಿಂತವಳು.

"ಯಾಕ್ರಿ ಅಕ್ಕಾರ, ಮುಂಜಾನಿಗೇ ಮಾರಿ ಹಿಂಗ್ಯಾಕ ಮಾಡೀರಿ?"

"ಬೀಗ ಹಾಕಿದ್ದಾರೆ ಯಂಕವ್ವ."

"ಎಲ್ಲೈತ್ರಿ ಬೀಗ? ಶಟರ್ ತಗದೈತಲ್ಲ."

"ಅಂಗಡಿಗಲ್ಲ. ಇದರ ಒಳಗೆ ನನ್ನದೊಂದು ಆಟ ಉಂಟು. ತುಂಬಾ ಸಮಯ ಬಾರದಿದ್ದರೆ ಬೀಗ ಹಾಕುತ್ತಾರಂತೆ."

ಯಂಕವ್ವ ಪೊರಕೆಯನ್ನು ಗೋಡೆಗೆ ಒರಗಿಸಿದಳು. "ಅದು ಖರೇನ ಐತ್ರಿ. ನಾವು ಊರಾಗ ಮನಿಗೆ ಬೀಗ ಜಡದು ಬಂದೇವಲ್ಲ, ತಿಂಗಳಿಗೊಮ್ಮೆ ನಮ್ಮ ನಾದಿನಿ ಹೋಗಿ ಕದ ತಗದು, ಕಸ ಹೊಡದು, ದೀಪ ಹಚ್ಚಿ ಬರತಾಳ. ಯಾರೂ ತಗೀಲಿಲ್ಲಂದ್ರ ಮನಿಗೆ ಸಿಟ್ಟ ಬರತೈತಿ."

"ಮನೆಗೆ ಸಿಟ್ಟಾ?"

"ಬರೂದಿಲ್ಲೇನು? ಮಂದಿಗೆ ಬರತೈತಿ, ಮನಿಗೆ ಬರಬಾರದಾ?"

ಬೀಗದ ಕೆಳಗೆ ಒಂದು ಪ್ರಶ್ನೆ ಇತ್ತು. ಹೆಸರು ನೋಂದಾಯಿಸುವಾಗ ಅವಳೇ ಉತ್ತರ ಕೊಟ್ಟಿದ್ದ ಪ್ರಶ್ನೆ: ನೀವು ಹುಟ್ಟಿದ ಊರು ಯಾವುದು? ಉತ್ತರ ಸರಿಯಾದರೆ ಬೀಗ ತೆರೆಯುತ್ತದೆ. ಮೂರು ಸಲ ತಪ್ಪಿದರೆ ಇಲ್ಲ.

ಇದರಲ್ಲೇನು ಕಷ್ಟ ಎಂದುಕೊಂಡು ವಾರಿಜಾ Kapu ಎಂದು ಒತ್ತಿದಳು. ತಪ್ಪು. ಅವಳಿಗೆ ಕೂಡಲೇ ಕಾರಣ ಹೊಳೆಯಿತು. ಹಳೆಯ ಇಂಗ್ಲಿಷ್ ಬೋರ್ಡುಗಳಲ್ಲಿ ಅವಳ ಊರು Kaup. ಕಾಪುವಿನವರಿಗೆ ಮಾತ್ರ ಅದು ಕಾಪು ಎಂದು ಓದಲು ಬರುತ್ತದೆ. ಹೊರಗಿನವರು ಕೌಪ್ ಎನ್ನುತ್ತಾರೆ. ಟೈಪಿಂಗ್ ಟೀಚರಾಗಿ ಅವಳು ಎಷ್ಟೋ ಅರ್ಜಿಗಳಲ್ಲಿ ಹಾಗೆಯೇ ಒತ್ತಿದ್ದಳು. Kaup ಎಂದು ಒತ್ತಿದಳು. ಅದೂ ತಪ್ಪು. ಇನ್ನೊಂದೇ ಅವಕಾಶ ಉಳಿದಿತ್ತು. ಬಸ್ಸಿನಲ್ಲಿ ಊರು ಕೇಳಿದರೆ ತಾನು ಹೇಳುವುದು ಬರೇ ಕಾಪು ಅಲ್ಲ, ಕಾಪು ಪಡು ಎಂದು ನೆನಪಾಯಿತು. Kapu Padu. ಪರದೆ ಒಂದು ಕ್ಷಣ ಬೆಳ್ಳಗಾಯಿತು. ಪ್ರಶ್ನೆಯೂ ಮಾಯವಾಯಿತು. ತಾಣದ ಮೇಲ್ವಿಚಾರಕರಿಗೆ ಬರೆಯಿರಿ ಎಂಬ ಒಂದು ಸಾಲು ಮಾತ್ರ ಉಳಿಯಿತು.

ಮಧ್ಯಾಹ್ನ ಅಲೆಕ್ಸ್ ಬಂದಾಗ ಅವಳು ಸಂಗತಿ ಹೇಳಿದಳು. ಊರಿನಲ್ಲಿ ಕ್ರೈಸ್ತರನ್ನು ಗೌರವದಿಂದ ಕರೆಯುವ ಹಾಗೆ ಅವಳು ಅವರನ್ನು ಪೊರ್ಬುಗಳು ಎನ್ನುತ್ತಿದ್ದಳು.

"ಅಷ್ಟಕ್ಕೆ ಎಂತ ವಾರಿಜಕ್ಕ? ಹೊಸ ಅಕೌಂಟ್ ಮಾಡಿ. ಎರಡು ನಿಮಿಷದ ಕೆಲಸ."

"ಹೆಸರು ಬೇರೆ ಆಗ್ತದಲ್ಲ ಪೊರ್ಬುಗಳೇ."

"ಆಗಲಿ ಮಾರಾಯ್ರೆ, ರೇಶನ್ ಕಾರ್ಡ್ ಅಲ್ವಲ್ಲ."

"ಎದುರಿನವರಿಗೆ ಅದು ನಾನೇ ಅಂತ ಹೇಗೆ ಗೊತ್ತಾಗುವುದು?"

"ಎದುರಿನವರು ಯಾರು?"

ವಾರಿಜಾ ಕೌಂಟರಿನ ಮೇಲಿನ ಧೂಳನ್ನು ಬೆರಳಿನಿಂದ ಒರೆಸಿದಳು. "ಗೊತ್ತಿಲ್ಲ."

"ಚೆಂದ ಉಂಟು" ಎಂದರು ಅಲೆಕ್ಸ್. "ಅವರು ಯಾರೆಂದು ನಿಮಗೆ ಗೊತ್ತಿಲ್ಲ. ನೀವು ಯಾರೆಂದು ಅವರಿಗೆ ಗೊತ್ತಾಗಬೇಕು." ಆದರೆ ಅವಳ ಮುಖ ನೋಡಿ ಅವರು ನಗೆಯನ್ನು ಮುಂದುವರಿಸಲಿಲ್ಲ. ಕುರ್ಚಿ ಎಳೆದು, ತಾವೇ ಬೇರೊಂದು ಹೆಸರಿನಲ್ಲಿ ನೋಂದಾಯಿಸಿ, "ಆಡುವುದು ಬೇಡ, ಅವರು ಅಲ್ಲಿದ್ದಾರಾ ನೋಡಿ" ಎಂದು ಎದ್ದು ಜಾಗ ಬಿಟ್ಟುಕೊಟ್ಟರು.

ಏಳು ಗುಳಿಯ ಕೋಣೆ ಖಾಲಿಯಾಗಿತ್ತು. ಹಳೆಯ ಆಟಗಾರರ ಹೆಸರುಗಳು ಬದಿಯಲ್ಲಿದ್ದವು, ಎರಡೇ ಹೆಸರು. ವಾರಿಜಾಳ ಹೆಸರಿನ ಮುಂದೆ ಬೂದು ಬಣ್ಣದ ಪುಟ್ಟ ಬೀಗ. ಉಪ್ಪಡ್ ಎಂಬ ಹೆಸರಿನ ಮುಂದೆಯೂ ಅಂಥದ್ದೇ ಬೀಗ.

ಅವಳು ಬಹಳ ಹೊತ್ತು ಅದನ್ನೇ ನೋಡಿದಳು. ಅವರೂ ವರ್ಷವಿಡೀ ಬಂದಿಲ್ಲ. ಎಲ್ಲೋ ದೂರದಲ್ಲಿ ಕುಳಿತು, ಹೇಳುವವರು ಕೇಳುವವರು ಯಾರೂ ಇಲ್ಲದಿದ್ದರೂ, ಆಟಿಗೆ ಕಾದಿದ್ದಾರೆ. ಬೀಗ ಬಿದ್ದದ್ದು ಅದಕ್ಕೇ. ತನ್ನ ಹಾಗೆಯೇ ಇವತ್ತು ಬಂದು ತಳ್ಳಿ ನೋಡಿರಬಹುದು. ಅಥವಾ ನೋಡಿ, ಹೋಗಲಿ ಎಂದು ಎದ್ದು ಹೋಗಿರಬಹುದು.

ಸಂಜೆ ಉಡುಪಿಯ ಬಸ್‌ಸ್ಟ್ಯಾಂಡಿನಲ್ಲಿ ಕಾಪುವಿನ ಬಸ್ಸಿಗೆ ಕಾಯುತ್ತಾ ನಿಂತಿದ್ದಾಗ, ಹೊರಡಲಿದ್ದ ಇನ್ನೊಂದು ಬಸ್ಸಿನ ಬಾಗಿಲಲ್ಲಿ ನೇತಾಡುತ್ತಾ ಕಂಡಕ್ಟರ್ ಕೂಗುತ್ತಿದ್ದ: "ಸಂತೆಕಟ್ಟೆ, ಕೆಮ್ಮಣ್ಣು, ಹೂಡೇ… ಹೂಡೇ…"

ವಾರಿಜಾ ಕೊಡೆ ಮಡಚುವುದನ್ನು ಅರ್ಧಕ್ಕೆ ನಿಲ್ಲಿಸಿದಳು.

ಅವಳು ಹುಟ್ಟಿದ್ದು ಕಾಪುವಿನಲ್ಲಲ್ಲ. ಚೊಚ್ಚಲ ಹೆರಿಗೆಗೆ ಅಮ್ಮ ತವರಿಗೆ ಹೋಗಿದ್ದಳು. ಹೂಡೆಯ ಮನೆಯ ಒಳಕೋಣೆಯಲ್ಲಿ ಅಜ್ಜಿಯ ಕೈಗೇ ಅವಳು ಬಂದದ್ದು. ಶಾಲೆಗೆ ಸೇರಿಸುವಾಗ ಹೆಡ್‌ಮಾಸ್ಟರು ಯಾರನ್ನೂ ಕೇಳದೆ ಕಾಪು ಎಂದು ಬರೆದರು. ಅಲ್ಲಿಂದ ಎಲ್ಲ ಕಾಗದಪತ್ರಗಳಲ್ಲಿ ಅವಳು ಕಾಪುವಿನಲ್ಲೇ ಹುಟ್ಟಿದಳು. ಒತ್ತಿ ಒತ್ತಿ ಬೆರಳಿಗೆ ಅದೇ ಅಭ್ಯಾಸವಾಗಿತ್ತು. ಆದರೆ ಕಳೆದ ಆಟಿಯ ಆ ಬೆಳಿಗ್ಗೆ ಯಾವ ಸರ್ಟಿಫಿಕೇಟನ್ನೂ ತೋರಿಸಬೇಕಿರಲಿಲ್ಲ. ಪರದೆಯ ಮೇಲೆ ಅಜ್ಜಿಯ ಮಣೆಯಂಥದ್ದೇ ಎದುರಿಗಿತ್ತು. ಆಗ ಅವಳು ನಿಜವನ್ನೇ ಬರೆದಿದ್ದಳು.

ಮರುದಿನ ಅಲೆಕ್ಸರ ಅನುಮತಿ ಪಡೆದು ಕೆಫೆಯ ಇಮೇಲಿನಿಂದ ಮೇಲ್ವಿಚಾರಕರಿಗೆ ಬರೆದಳು. ಅವಳಿಗೆ ಗೊತ್ತಿದ್ದ ಇಂಗ್ಲಿಷ್ ಪತ್ರ ಎಂದರೆ ಹೈಯರ್ ಪರೀಕ್ಷೆಯದ್ದು. ಮಾನ್ಯರೇ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿ ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ ಎಂದು ತೊಡಗಿ, ಹುಟ್ಟಿದ ಊರು ಹೂಡೆ ಎಂದು ತಿಳಿಸಿ, ಬಾರದೆ ಇದ್ದುದಕ್ಕೆ ಕಾರಣ ಕೊಟ್ಟಳು: ನಮ್ಮಲ್ಲಿ ಈ ಆಟವನ್ನು ವರ್ಷಕ್ಕೆ ಒಂದೇ ತಿಂಗಳು ಆಡುವುದು. ಅಲ್ಲಿಗೆ ನಿಲ್ಲಿಸಿ, ಮೇಲಿನಿಂದ ಓದಿ, ಇನ್ನೊಂದು ಸಾಲು ಸೇರಿಸಿದಳು. ಉಪ್ಪಡ್ ಎಂಬವರೂ ಇದೇ ಕಾರಣಕ್ಕೆ ಬಾರದೆ ಇದ್ದವರು. ದಯಮಾಡಿ ಅವರನ್ನೂ ಹೊರಗೆ ನಿಲ್ಲಿಸಬಾರದಾಗಿ ವಿನಂತಿ. ತಮ್ಮ ವಿಶ್ವಾಸಿ.

ಉತ್ತರ ಬರಲಿಲ್ಲ. ಆಟಿಯ ಅಮಾವಾಸ್ಯೆ ಬಂತು. ಅಂದು ಎಲ್ಲರೂ ಕುಡಿಯುವ ಪಾಲೆಮರದ ತೊಗಟೆಯ ಕಹಿ ಕಷಾಯ ಕುಡಿದು, ಬಾಯಿಯ ಕಹಿಯೊಡನೆಯೇ ಬಸ್ಸು ಹತ್ತಿ, ಇಮೇಲ್ ತೆರೆದು ನೋಡಿದಳು. ಇಲ್ಲ. ಮಳೆ ಹಿಡಿದದ್ದು ಬಿಡಲಿಲ್ಲ. ಕಷಾಯದ ದಿನವೂ ಕಳೆದು, ಪತ್ರೊಡೆಯ ದಿನವೂ ಕಳೆಯಿತು.

ಒಂದು ಭಾನುವಾರ ಅವಳು ಅಟ್ಟದಿಂದ ಅಜ್ಜಿಯ ಮಣೆ ಇಳಿಸಿ, ಧೂಳು ಒರೆಸಿ, ಕಳೆದ ವರ್ಷ ನಿಂತ ಆಟವನ್ನು ನೆನಪಿನಿಂದ ಗುಳಿಗುಳಿಗೂ ಜೋಡಿಸಿದಳು. ಎಲ್ಲೂ ತಡವರಿಸಲಿಲ್ಲ. ಎದುರಿನ ಸಾಲನ್ನೂ ಜೋಡಿಸಿ ಸುಮ್ಮನೆ ನೋಡುತ್ತಾ ಕುಳಿತಳು. ಜಿತೇಂದ್ರ ಜಗಲಿಯಲ್ಲಿ ಬಲೆ ಹೆಣೆಯುತ್ತಿದ್ದ. ಒಮ್ಮೆ ಇತ್ತ ನೋಡಿ, ನಿಯಮ ನೆನಪಾದವನಂತೆ ಮತ್ತೆ ಬಲೆಗೆ ಬಗ್ಗಿದ.

ಮನೋರಮಾ ಅಡುಗೆಮನೆಯಿಂದ ಇಣುಕಿದಳು. "ಎಂತ ಅತ್ತಿಗೆ, ನೆಂಟರಿಗೆ ಮಣೆ ಹಾಕಿ ಕೂತ ಹಾಗೆ ಉಂಟಲ್ಲ? ಬರುವವರು ಯಾರು?"

"ಯಾರೂ ಇಲ್ಲ."

"ಹಾಗಾದರೆ ಮೀನು ಜಾಸ್ತಿ ಹಾಕುವುದಿಲ್ಲ" ಎಂದು ಮನೋರಮಾ ಒಳಗೆ ಹೋದಳು.

ದೀಕ್ಷಿತಾ ಬಂದು ಬಗ್ಗಿ ನೋಡಿದಳು. "ಅತ್ತೆ, ಒಬ್ಬರೇ ಆಡ್ತಾ ಇದ್ದೀರಾ?"

"ಆಡ್ತಾ ಇಲ್ಲ. ಇಟ್ಟು ನೋಡ್ತಾ ಇದ್ದೇನೆ. ಕುಳಿತುಕೋ, ಕಲಿಸಿಕೊಡ್ತೇನೆ."

"ಟ್ಯೂಷನ್ ಉಂಟು ಅತ್ತೆ" ಎಂದು ಅವಳು ಹೋದಳು. ಹೋಗುವಾಗ ಲಂಗದ ಅಂಚು ತಾಗಿ ಕೊನೆಯ ಗುಳಿಯ ಎರಡು ಕಾಯಿ ನೆಲಕ್ಕೆ ಉರುಳಿದವು. ವಾರಿಜಾ ಅವನ್ನು ಹೆಕ್ಕಿ ಮತ್ತೆ ಅಲ್ಲಿಯೇ ಇಟ್ಟಳು.

ಆಟಿ ಮುಗಿಯುವ ಸಂಜೆ ಗುಳಿಗಳನ್ನು ಖಾಲಿ ಮಾಡಿ, ಕಾಯಿಗಳನ್ನು ಬಟ್ಟೆಯಲ್ಲಿ ಕಟ್ಟಿ, ಮಣೆಯನ್ನು ಅಟ್ಟಕ್ಕೆ ಏರಿಸಿದಳು. ಪರದೆಯೊಳಗಿನ ಮಣೆಯನ್ನು ಹಾಗೆ ಖಾಲಿ ಮಾಡಿ ಏರಿಸುವಂತಿರಲಿಲ್ಲ. ಅದು ಬೀಗದ ಹಿಂದೆ ಕಾಯಿ ತುಂಬಿಕೊಂಡೇ ಇತ್ತು.

ಸೋಣ ಹುಟ್ಟಿದ ಮರುದಿನ ಉತ್ತರ ಬಂದಿತ್ತು.

ತಾಣ ನಡೆಸುವ ಮನುಷ್ಯ ತನ್ನ ದೇಶದ ಬೇಸಿಗೆಯ ರಜೆಗೆ ಹೋಗಿದ್ದನಂತೆ. ತಡವಾದುದಕ್ಕೆ ಕ್ಷಮೆ ಕೇಳಿದ್ದ. ಊರಿನ ಹೆಸರಿನ ಅಕ್ಷರಗಳು ತನ್ನಲ್ಲಿರುವುದಕ್ಕಿಂತ ತುಸು ಬೇರೆಯಾಗಿದ್ದರೂ, ಬಾಯಿಬಿಟ್ಟು ಓದಿದಾಗ ಎರಡೂ ಒಂದೇ ಎಂದು ಕೇಳಿಸಿತು ಎಂದಿದ್ದ. ಆಮೇಲಿನ ಸಾಲುಗಳನ್ನು ವಾರಿಜಾ ನಿಧಾನವಾಗಿ ಓದಿದಳು. "ವರ್ಷಕ್ಕೆ ಒಂದೇ ತಿಂಗಳು ಆಡುವುದೆಂದು ಹೇಳಿದವರಲ್ಲಿ ನೀವು ಎರಡನೆಯವರು. ಮೊದಲನೆಯವರ ಪತ್ರ ರಜೆಗೆ ಮುಂಚೆಯೇ ಬಂದಿತ್ತು. ಯಾರೋ ತಮಾಷೆ ಮಾಡುತ್ತಿದ್ದಾರೆಂದು ತೆಗೆದು ಬದಿಗಿಟ್ಟಿದ್ದೆ. ಅವರೂ ನಿಮ್ಮನ್ನು ಹೊರಗೆ ನಿಲ್ಲಿಸಬೇಡಿ ಎಂದು ಕೇಳಿಕೊಂಡಿದ್ದರು. ಇಬ್ಬರ ಬೀಗವನ್ನೂ ತೆಗೆದಿದ್ದೇನೆ. ನಿಯಮವನ್ನು ಮಾತ್ರ ಬದಲಿಸಲಾರೆ. ಆರು ತಿಂಗಳಿಗೆ ಒಮ್ಮೆಯಾದರೂ ಒಳಗೆ ಬಂದು ಹೋಗಿ."

ಅವಳು ಕೊನೆಯ ಕಂಪ್ಯೂಟರಿನ ಮುಂದೆ ಕುಳಿತು ಹೆಸರು ಒತ್ತಿದಳು. ಮಣೆ ಬಂತು. ಇದ್ದ ಹಾಗೆಯೇ ಇತ್ತು: ಮೂರನೆಯ ಗುಳಿಯಲ್ಲಿ ಮೂರು, ಮುಂದಿನ ನಡೆ ಅವಳದು. ಬದಿಯಲ್ಲಿ ಉಪ್ಪಡ್ ಎಂಬ ಹೆಸರಿನ ಮುಂದೆ ಹಸಿರು ದೀಪ ಉರಿಯುತ್ತಿತ್ತು.

ಬೆರಳು ಮೌಸಿನ ಮೇಲಿತ್ತು. ಒಂದು ಸಲ ಒತ್ತಿದರೆ ಸಾಕು. ಯಾರು ನೋಡುತ್ತಾರೆ? ಅಜ್ಜಿ ಹೋಗಿ ಎಷ್ಟು ಕಾಲವಾಯಿತು. ಆದರೆ ಎದುರಿಗಿದ್ದವರು ನೋಡುತ್ತಿದ್ದರು. ಅವಳು ಒತ್ತಿದರೆ, ಆಟಿಯಲ್ಲಲ್ಲದೆ ಆಡುವವಳೊಬ್ಬಳು ಅವರ ಎದುರಿಗೆ ಕುಳಿತಂತಾಗುತ್ತದೆ. ಅಂಥವರು ಆ ತಾಣದ ಉಳಿದ ಕೋಣೆಗಳಲ್ಲಿ ಬೇಕಾದಷ್ಟು ಇದ್ದರು.

ಅವಳು ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಹಸಿರು ದೀಪ ಹಾಗೆಯೇ ಇತ್ತು. ಸ್ವಲ್ಪ ಹೊತ್ತಿನ ಬಳಿಕ ಮಾತಿನ ಪಟ್ಟಿಯಲ್ಲಿ ಅಕ್ಷರಗಳು ಮೂಡಿದವು. "ಸೋಣ ಬತ್ತ್ಂಡ್." ಸೋಣ ಬಂತು.

"ಅಂದ್" ಎಂದು ವಾರಿಜಾ ಒತ್ತಿದಳು. ಹೌದು.

ಇನ್ನೇನಾದರೂ ಬರಬಹುದೆಂದು ಕಾದಳು. ಅವಳಿಗೂ ಕೇಳಬೇಕೆನಿಸಿತು: ನಿಮ್ಮ ಪ್ರಶ್ನೆ ಯಾವುದಿತ್ತು, ಉತ್ತರ ಹೇಗೆ ಮರೆತಿರಿ, ಅಲ್ಲಿ ಮಳೆ ಉಂಟಾ? ಬೆರಳು ಅಕ್ಷರಗಳ ಮೇಲೆ ಓಡಾಡಿತು, ಒತ್ತಲಿಲ್ಲ. ದೀಪ ಆರಿತು. ಮೆಟ್ಟಿಲಲ್ಲಿ ವಿದ್ಯಾರ್ಥಿಗಳ ಚಪ್ಪಲಿಯ ಸದ್ದಾಯಿತು. ಅವಳು ಎದ್ದು ಕೌಂಟರಿಗೆ ಹೋದಳು.

ಆಮೇಲೆ ತಿಂಗಳಿಗೊಮ್ಮೆ, ಸಂಕ್ರಮಣದ ಬೆಳಿಗ್ಗೆ, ಯಾರೂ ಬರುವ ಮುಂಚೆ, ಅವಳು ಆ ಕೋಣೆಯನ್ನು ತೆರೆಯುತ್ತಿದ್ದಳು. ಉಪ್ಪಡ್ ಅಲ್ಲಿರುತ್ತಿರಲಿಲ್ಲ. ಹೆಸರಿನ ಕೆಳಗೆ ಅವರು ಕೊನೆಯದಾಗಿ ಬಂದು ಹೋದ ದಿನ ಮಾತ್ರ ಕಾಣುತ್ತಿತ್ತು. ಹಿಂದಿನ ದಿನದ್ದೋ, ಅದರ ಹಿಂದಿನದ್ದೋ. ಅವರಿಗೂ ಆರು ತಿಂಗಳ ಅವಕಾಶವಿತ್ತು. ಅವರೂ ಪ್ರತಿ ತಿಂಗಳು ಬರುತ್ತಿದ್ದರು.

ಒಂದು ಸಂಕ್ರಮಣದಂದು ಯಂಕವ್ವ ಕುರ್ಚಿಯ ಕೆಳಗೆ ಗುಡಿಸಲು ಬಂದು, ಪರದೆಯ ಕಡೆ ನೋಡಿದಳು.

"ಬೀಗ ತಗದ್ರೇನ್ರಿ ಅಕ್ಕಾರ?"

"ತೆಗೆದರು."

"ಮತ್ತ ಆಡೂದಿಲ್ಲೇನು?"

"ಇಲ್ಲ. ಆಟಿಗೆ."

"ಹಂಗಾರ ಈಗ್ಯಾಕ ತಗದು ಕುಂತೀರಿ?"

"ಕಸ ಹೊಡೆಯಲಿಕ್ಕೆ" ಎಂದಳು ವಾರಿಜಾ.

ಯಂಕವ್ವ ತಲೆಯಾಡಿಸಿದಳು. ಅದು ಅವಳಿಗೆ ಸರಿಯಾಗಿಯೇ ಅರ್ಥವಾಯಿತು. "ಕಾಲು ಮ್ಯಾಲೆ ಮಾಡ್ರಿ" ಎಂದಳು. ವಾರಿಜಾ ಕಾಲು ಮೇಲೆತ್ತಿ, ಮೂರು ಕಾಯಿಗಳಿದ್ದ ಮೂರನೆಯ ಗುಳಿಯನ್ನು ಇನ್ನೊಮ್ಮೆ ನೋಡಿ, ಪರದೆಯ ಮೇಲಿನ ಕಿಟಕಿ ಮುಚ್ಚಿದಳು.